ಟೆಂಡರ್ ಪೆಟ್ಟಿಗೆಗೆ ಇನ್ನೊಂದು ಬೀಗದಕೈ: ಶಿರಸಿ ಸೀಮೆಯ ಅಡಿಕೆ ಸಂಘವೊಂದರ ಡೇಟಾಬೇಸ್ ಪ್ರಕರಣ

ಡಿಸೆಂಬರ್ ತಿಂಗಳು, ಹೊಸ ರಾಶಿ ಅಡಿಕೆ ವಕಾರಿಗೆ ಬರತೊಡಗಿದ ಹೊತ್ತು. ಶಿರಸಿ ತಾಲೂಕಿನ ಸಹಕಾರಿ ಸಂಘವೊಂದರಲ್ಲಿ ಟೆಂಡರ್ ದಿನ ಬೆಳಿಗ್ಗೆ ಲಾಟು ಪಟ್ಟಿ ಮುದ್ರಣ ಆಗಲಿಲ್ಲ. ಕೌಂಟರಿನಲ್ಲಿ ರಸೀದಿ ಬರುತ್ತಿತ್ತು, ಸದಸ್ಯರ ಖಾತೆಯ ಉಳಿಕೆಯೂ ಕಾಣುತ್ತಿತ್ತು. ದೊಡ್ಡ ವರದಿ ಕೇಳಿದ ಕೂಡಲೇ ಮಾತ್ರ 1105 ಸಂಖ್ಯೆಯ ದೋಷ. ಟೆಂಪ್‌ಡಿಬಿಗೆ, ಅಂದರೆ ಡೇಟಾಬೇಸ್ ಸರ್ವರಿನ ತಾತ್ಕಾಲಿಕ ಕೆಲಸದ ಕಡತಕ್ಕೆ, ಜಾಗ ಸಾಲುತ್ತಿಲ್ಲ ಎಂಬುದು ಇಲ್ಲಿ ಅದರ ಅರ್ಥ. ಲಾಟು, ಜಾತಿ, ತೂಕ ಎಂದು ವಿಂಗಡಿಸಿ ಜೋಡಿಸುವ ವರದಿಗಳು ಮೆಮೊರಿಯಲ್ಲಿ ಹಿಡಿಸದೆ ಟೆಂಪ್‌ಡಿಬಿಗೆ ಚೆಲ್ಲುತ್ತವೆ. ಆ ಫೈಲು ಸಿ ಡ್ರೈವಿನಲ್ಲಿತ್ತು, ಸಿ ಡ್ರೈವಿನಲ್ಲಿ ಒಂದು ಎಂಬಿಯೂ ಉಳಿದಿರಲಿಲ್ಲ.

ಸಂಘದ ಹೆಸರು ಇಲ್ಲಿ ಬೇಡ. ಇಂಥ ಕಚೇರಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸ್ಥಿತಿಯನ್ನು ಒಂದೇ ಕಟ್ಟಡದೊಳಗೆ ತಂದು ಬರೆದಿದೆ. ವ್ಯವಸ್ಥೆ ಹೀಗಿತ್ತು: ವಿಂಡೋಸ್ ಸರ್ವರ್ ಒಂದು, ಅದರ ಮೇಲೆ ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಎಸ್‌ಕ್ಯೂಎಲ್ ಸರ್ವರ್ 2014ರ ಉಚಿತ ಆವೃತ್ತಿ ಎಕ್ಸ್‌ಪ್ರೆಸ್. ಸಂಘದ್ದೇ ಆದ ಡೇಟಾಬೇಸ್ ನಾಲ್ಕು: ಸದಸ್ಯ, ಟೆಂಡರ್, ದರ, ಕಿರಾಣಿ. ಕೌಂಟರ್ 11. ಟೆಂಡರ್ ಹಾಲಿನ ಗೋಡೆಗೆ ಹಿಂದಿನ ದಿನದ ದರ ತೋರಿಸುವ ಟಿವಿ, ಅದರ ಹಿಂದೊಂದು ಸಣ್ಣ ಪಿಸಿ. ಘಟ್ಟದ ಅಂಚಿನಲ್ಲೊಂದು ಶಾಖೆ. ತೂಕದ ಯಂತ್ರದ ಲೆಕ್ಕ ಮಾತ್ರ ಬೇರೆ ಪಿಸಿಯಲ್ಲಿ, ಮೈಎಸ್‌ಕ್ಯೂಎಲ್‌ನಲ್ಲಿ.

ಸಿ ಡ್ರೈವ್ ತಿಂದದ್ದು ಯಾವುದು?

ಎಸ್‌ಕ್ಯೂಎಲ್ ಸರ್ವರ್‌ನ ಎರರ್‌ಲಾಗ್ ಫೈಲೊಂದೇ 24 ಜಿಬಿ ಇತ್ತು. ಒಳಗೆ ಎರಡೇ ಎರಡು ಸಾಲುಗಳ ಜಪ. ಮೊದಲ ಸಾಲಿನಲ್ಲಿ 18456 ದೋಷ, ತೀವ್ರತೆ 14, ಸ್ಟೇಟ್ 8. ಎರಡನೆಯದರಲ್ಲಿ ‘ಎಸ್‌ಎ’ ಎಂಬ, ಸರ್ವರಿನ ಜೊತೆಗೇ ಬರುವ ಪೂರ್ಣಾಧಿಕಾರದ ಬಳಕೆದಾರನ ಲಾಗಿನ್ ವಿಫಲ, ಕಾರಣ ಪಾಸ್‌ವರ್ಡ್ ಹೊಂದಲಿಲ್ಲ, ಕೊನೆಗೆ ಕೇಳಿದವನ ಐಪಿ ವಿಳಾಸ. ವಿಳಾಸಗಳು ಸಂಘದವಲ್ಲ, ದೇಶದವೂ ಅಲ್ಲ.

ಲೆಕ್ಕ ಸರಳ. ಎರಡು ಸಾಲು ಸೇರಿ ಸುಮಾರು 225 ಅಕ್ಷರ. ಎರರ್‌ಲಾಗ್ ಅಕ್ಷರಕ್ಕೆ 2 ಬೈಟಿನಂತೆ ಬರೆಯುತ್ತದೆ, ಅಲ್ಲಿಗೆ ಒಂದು ಪ್ರಯತ್ನಕ್ಕೆ 450 ಬೈಟು. ಸೆಕೆಂಡಿಗೆ 10 ಪ್ರಯತ್ನವೆಂದರೆ ದಿನಕ್ಕೆ 8,64,000, ಹತ್ತಿರ ಹತ್ತಿರ 400 ಎಂಬಿ. 60 ದಿನಕ್ಕೆ 24 ಜಿಬಿ.

ಹಾಗಾದರೆ ಇದು ಶುರುವಾದದ್ದು ಅಕ್ಟೋಬರಿನಲ್ಲೋ? ಅಲ್ಲ. ಶಾಖೆಗೂ ಮುಖ್ಯ ಕಚೇರಿಗೂ ನಡುವೆ ಇದ್ದ ವಿಪಿಎನ್ (ಇಂಟರ್ನೆಟ್ಟಿನೊಳಗಿನ ಖಾಸಗಿ ಸುರಂಗ) ಪುನರ್ವಸು ಮಳೆಯಲ್ಲಿ ಮರ ಬಿದ್ದು ಕೇಬಲ್ ಹೋದಾಗಲೆಲ್ಲ ಕಡಿಯುತ್ತಿತ್ತು. ಡಾಂಗಲ್ ಹಾಕಿದರೆ ಮತ್ತೆ ಎದ್ದು ನಿಲ್ಲುತ್ತಿರಲಿಲ್ಲ. ‘ಮಳೆ ಬಿಡುವ ತನಕ’ ಎಂದು ರೂಟರಿನಲ್ಲಿ ಎಸ್‌ಕ್ಯೂಎಲ್ ಸರ್ವರ್‌ನ ಬಾಗಿಲಾದ 1433 ಪೋರ್ಟನ್ನು ಇಂಟರ್ನೆಟ್ಟಿನಿಂದ ನೇರವಾಗಿ ಸರ್ವರಿಗೆ ತಿರುಗಿಸಿಟ್ಟರು. ಮಳೆ ಬಿಟ್ಟಿತು, ಪೋರ್ಟ್ ಹಾಗೇ ಉಳಿಯಿತು. ಜುಲೈಯಿಂದಲೂ ಬಾಗಿಲು ಬಡಿಯುತ್ತಲೇ ಇದ್ದರು. ಆದರೆ ಮಳೆಗಾಲದಲ್ಲಿ ಕರೆಂಟ್ ಹೋಗಿ, ಯುಪಿಎಸ್ ಮುಗಿದು, ಸರ್ವರ್ ವಾರಕ್ಕೆ ಎರಡು ಮೂರು ಸಲ ಮಲಗಿ ಏಳುತ್ತಿತ್ತು. ಪ್ರತಿ ಸಲ ಎದ್ದಾಗ ಹೊಸ ಎರರ್‌ಲಾಗ್ ಶುರು. ಹಳೆಯವು 6 ಮಾತ್ರ ಉಳಿಯುತ್ತವೆ, ಏಳನೆಯದು ಅಳಿಯುತ್ತದೆ. ಹೀಗೆ ಮಳೆಗಾಲವೇ ಲಾಗ್ ಕಸ ಗುಡಿಸುತ್ತಿತ್ತು. ಅಕ್ಟೋಬರಿನ ನಂತರ ಕರೆಂಟ್ ನೆಟ್ಟಗೆ ನಿಂತಿತು, ಸರ್ವರ್ 60 ದಿನ ಮಲಗದೆ ನಡೆಯಿತು, ಆಗ ಡಿಸ್ಕ್ ತುಂಬಿತು. ಕರೆಂಟ್ ಸರಿಯಾದ್ದರಿಂದ ಬಯಲಾದ ತೊಂದರೆ ಇದು.

ಜಾಗ ಮಾಡಿಕೊಳ್ಳಲು ಎರರ್‌ಲಾಗನ್ನು ಅಳಿಸಿಬಿಡುವ ಆತುರ ಎಲ್ಲರಿಗೂ ಬರುತ್ತದೆ. ಇಲ್ಲಿ ಮಾಡಿದ ಕ್ರಮ: ಮೊದಲು ರೂಟರಿನಲ್ಲಿ 1433 ಮುಚ್ಚಿದ್ದು. ಆಮೇಲೆ ‘ಎಸ್‌ಪಿ ಸೈಕಲ್ ಎರರ್‌ಲಾಗ್’ ಆಜ್ಞೆಯಿಂದ ಹೊಸ ಫೈಲು ತೆರೆದು, ಹಳೆ 24 ಜಿಬಿಯನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ನಕಲು ಸರಿ ಇದೆ ಎಂದು ನೋಡಿಯೇ ಸಿ ಡ್ರೈವಿನದನ್ನು ತೆಗೆದದ್ದು. ಮಧ್ಯಾಹ್ನದ ಹೊತ್ತಿಗೆ ಲಾಟು ಪಟ್ಟಿ ಬಂತು, ಟೆಂಡರ್ ನಡೆಯಿತು.

ಒಳಗೆ ಯಾರಾದರೂ ಬಂದಿದ್ದರೋ

18456ರ ಸ್ಟೇಟ್ ಸಂಖ್ಯೆ ಕಡೆಗಣಿಸುವಂಥದ್ದಲ್ಲ. 5 ಎಂದರೆ ಆ ಹೆಸರಿನ ಲಾಗಿನ್ನೇ ಇಲ್ಲ. 8 ಎಂದರೆ ಹೆಸರು ಸರಿ, ಪಾಸ್‌ವರ್ಡ್ ತಪ್ಪು. 7 ಎಂದರೆ ಲಾಗಿನ್ ನಿಷ್ಕ್ರಿಯ, ಪಾಸ್‌ವರ್ಡೂ ತಪ್ಪು. ಇಲ್ಲಿದ್ದದ್ದು 8. ಅಂದರೆ ಎಸ್‌ಎ ಚಾಲೂ ಇದೆ, ಎಷ್ಟು ಸಲ ಬೇಕಾದರೂ ಊಹಿಸಬಹುದು. ವಿಂಡೋಸ್‌ನಲ್ಲಿ ತಪ್ಪು ಪಾಸ್‌ವರ್ಡಿಗೆ ಖಾತೆ ಮುಚ್ಚುವ ಲಾಕೌಟ್ ಮಿತಿ 0, ಅಂದರೆ ಮಿತಿಯೇ ಇಲ್ಲದಂತೆ, ಇದ್ದುದರಿಂದ ತಡೆಯುವವರು ಯಾರೂ ಇರಲಿಲ್ಲ. ಎಸ್‌ಎ ಪಾಸ್‌ವರ್ಡ್ ಆದರೋ, ಸಾಫ್ಟ್‌ವೇರಿನ ಹೆಸರು, ಅದರ ಮುಂದೆ 123. ಅದೇ ಪಾಸ್‌ವರ್ಡ್ 11 ಕೌಂಟರ್‌ಗಳ ಕಾನ್ಫಿಗ್ ಫೈಲಿನಲ್ಲೂ ಬಿಚ್ಚಿಟ್ಟಂತೆ ಬರೆದಿತ್ತು.

ವಿಫಲವಾದವರ ದಾಖಲೆ 24 ಜಿಬಿ, ಸಫಲರಾದವರದ್ದು ಸೊನ್ನೆ. ಎಸ್‌ಕ್ಯೂಎಲ್ ಸರ್ವರ್ ತಾನಾಗಿ ಬರೆಯುವುದು ವಿಫಲ ಲಾಗಿನ್ ಮಾತ್ರ. ಸಫಲವಾದದ್ದೂ ಬೇಕೆಂದರೆ ಸೆಟ್ಟಿಂಗ್ ಬದಲಿಸಿ ಸರ್ವಿಸ್ ಮರುಚಾಲನೆ ಮಾಡಬೇಕು. ಇನ್ನೊಂದು ಸಾಕ್ಷಿ ಸಿಗಬಹುದಾದ ಜಾಗ ಸರ್ವರ್ ತಾನಾಗಿ ಬರೆದಿಡುವ ಡಿಫಾಲ್ಟ್ ಟ್ರೇಸ್. ಹೊಸ ಲಾಗಿನ್ ಸೃಷ್ಟಿ, ರೋಲಿಗೆ ಸೇರ್ಪಡೆ ಎಲ್ಲ ಅದರಲ್ಲಿ ಬರುತ್ತದೆ. ಆದರೆ ಅದು 20 ಎಂಬಿಯ 5 ಫೈಲು, ಸುತ್ತು ತಿರುಗುತ್ತಿರುತ್ತದೆ, ವಿಫಲ ಲಾಗಿನ್ನೂ ಅದರಲ್ಲೇ ಬೀಳುತ್ತದೆ. ದಿನಕ್ಕೆ ಎಂಟು ಲಕ್ಷ ವಿಫಲ ಲಾಗಿನ್ ಬಿದ್ದರೆ 100 ಎಂಬಿ ಎಷ್ಟು ಹೊತ್ತು? ಬಡಿಯುವ ಸದ್ದೇ ಹೆಜ್ಜೆ ಗುರುತು ಅಳಿಸಿತ್ತು. ವಿಂಡೋಸ್‌ನ ಅಪ್ಲಿಕೇಶನ್ ಇವೆಂಟ್ ಲಾಗಿನದ್ದೂ ಅದೇ ಕಥೆ.

ಉಳಿದದ್ದು ಪರೋಕ್ಷ ಗುರುತುಗಳು. ಸರ್ವರಿನ ಪೂರ್ಣಾಧಿಕಾರ ಇರುವ ಸಿಸ್‌ಅಡ್ಮಿನ್ ರೋಲಿನಲ್ಲಿ ಯಾರ್‍ಯಾರಿದ್ದಾರೆ, ಲಾಗಿನ್‌ಗಳು ಸೃಷ್ಟಿಯಾದ ಮತ್ತು ಬದಲಾದ ದಿನಾಂಕ, ಸರ್ವರ್ ಎದ್ದಾಗ ತಾನಾಗಿ ಓಡುವ ಪ್ರೊಸೀಜರ್ (ಡೇಟಾಬೇಸಿನೊಳಗೆ ಬರೆದಿಟ್ಟ ಆಜ್ಞೆಗಳ ಕಟ್ಟು), ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್, ಹೊಸ ವಿಂಡೋಸ್ ಬಳಕೆದಾರರು. ಎಲ್ಲಕ್ಕಿಂತ ಮುಖ್ಯವಾಗಿ ‘ಎಕ್ಸ್‌ಪಿ ಸಿಎಂಡಿಶೆಲ್’. ಎಸ್‌ಎ ಸಿಕ್ಕವನು ಮೊದಲು ಚಾಲೂ ಮಾಡುವುದು ಇದನ್ನೇ, ಇದರ ಮೂಲಕ ಡೇಟಾಬೇಸ್ ದಾಟಿ ವಿಂಡೋಸ್‌ಗೆ ಆಜ್ಞೆ ಕೊಡಬಹುದು. 2005ರ ಆವೃತ್ತಿಯಿಂದ ಇದು ಮುಚ್ಚಿಯೇ ಬರುತ್ತದೆ. ಯಾರಾದರೂ ತೆರೆದು ಮತ್ತೆ ಮುಚ್ಚಿದರೂ 0ಯಿಂದ 1ಕ್ಕೆ ಬದಲಾಯಿತು ಎಂಬ ಸಾಲು ಎರರ್‌ಲಾಗಿನಲ್ಲಿ ಉಳಿಯುತ್ತದೆ. ಆ ಸಾಲನ್ನು 24 ಜಿಬಿಯಲ್ಲಿ ಹುಡುಕಬೇಕು. ಎಸ್‌ಕ್ಯೂಎಲ್ ಸರ್ವರ್ ನೋಡಿಕೊಳ್ಳುವ ತಂತ್ರಾಂಶವಾದ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ತೆರೆದರೆ ಅದು ಅಲ್ಲೇ ನಿದ್ದೆ ಹೋಗುತ್ತದೆ. ವಿಂಡೋಸ್‌ನ ಹಳೆಯ ಫೈಂಡ್‌ಸ್ಟ್ರ್ ಆಜ್ಞೆಗೆ ಎರಡು ಬೈಟಿನ ಅಕ್ಷರ ಹೊಂದುವುದಿಲ್ಲ, ‘ಇಲ್ಲ’ ಎಂದು ಸುಳ್ಳು ಹೇಳುತ್ತದೆ. ಪವರ್‌ಶೆಲ್‌ನ ಸೆಲೆಕ್ಟ್-ಸ್ಟ್ರಿಂಗ್ ನಿಧಾನ, ಆದರೆ ಸರಿಯಾಗಿ ಹುಡುಕುತ್ತದೆ. ಸಿಗಲಿಲ್ಲ.

ಇಷ್ಟರಿಂದ ಹೇಳಬಹುದಾದದ್ದು ಅಕ್ಟೋಬರಿನಿಂದ ಈಚೆಗೆ ಆ ಬಾಗಿಲು ತೆರೆದ ಗುರುತಿಲ್ಲ ಎಂದಷ್ಟೇ. ಜುಲೈಯಿಂದ ಅಕ್ಟೋಬರ್‌ವರೆಗಿನ ಲಾಗ್ ಮಳೆಯೊಂದಿಗೆ ಹೋಗಿದೆ. ಹಾಗಾಗಿ ಯಂತ್ರವನ್ನು ನಂಬುವುದು ಬೇಡ, ವಿಂಡೋಸ್ ಸಮೇತ ಹೊಸದಾಗಿ ಕಟ್ಟುವುದು, 2014ಕ್ಕೆ ಹೇಗೂ ಮೈಕ್ರೋಸಾಫ್ಟ್ ಬೆಂಬಲ 2024ರ ಜುಲೈ 9ಕ್ಕೆ ಮುಗಿದಿದೆಯಾದ್ದರಿಂದ 2022 ಎಕ್ಸ್‌ಪ್ರೆಸ್‌ಗೆ ಹೋಗುವುದು ಎಂದು ತೀರ್ಮಾನವಾಯಿತು. ಸಾಫ್ಟ್‌ವೇರ್ ಕೊಟ್ಟವರ ಕಡೆಯಿಂದ ಬಂದ ಮಾತು ಒಂದೇ: “ಎಸ್‌ಎಗೆ ಕೈ ಹಾಕಬೇಡಿ ಮಾರಾಯ್ರೆ, ಕೌಂಟರ್ ಎಲ್ಲ ನಿಲ್ತದೆ.” ಆ ಮಾತಿನಲ್ಲಿ ಸತ್ಯವಿತ್ತು. ಕೌಂಟರ್‌ಗಳೆಲ್ಲ ಬರುತ್ತಿದ್ದುದೇ ಎಸ್‌ಎ ಹೆಸರಿನಲ್ಲಿ.

ಹಳೆ ಚಾಳಿ

ತಯಾರಕರು ಇಟ್ಟ ಹೆಸರಿನಲ್ಲೇ ಕೆಲಸ ನಡೆಸುವುದು ಈ ಸಂಘದ ಒಬ್ಬರದೇ ಚಾಳಿಯಲ್ಲ. ಒರಾಕಲ್‌ನಲ್ಲಿ ‘ಸ್ಕಾಟ್’ ಬಳಕೆದಾರ, ‘ಟೈಗರ್’ ಪಾಸ್‌ವರ್ಡ್ ಎಂಬ ಜೋಡಿ ಕಂಪ್ಯೂಟರ್ ಕಲಿತವರಿಗೆಲ್ಲ ಬಾಯಿಪಾಠ. ಬ್ರೂಸ್ ಸ್ಕಾಟ್ ಎಂಬ ಆರಂಭದ ಕಾಲದ ಉದ್ಯೋಗಿಯ ಹೆಸರು ಮತ್ತು ಆತನ ಮನೆ ಬೆಕ್ಕಿನ ಹೆಸರು ಅದು. ಎಸ್‌ಕ್ಯೂಎಲ್ ಸರ್ವರ್ 2000ದಲ್ಲಿ ಎಸ್‌ಎ ಪಾಸ್‌ವರ್ಡ್ ಖಾಲಿ ಬಿಟ್ಟೇ ಇನ್‌ಸ್ಟಾಲ್ ಮಾಡಬಹುದಿತ್ತು. 2002ರ ಮೇ ತಿಂಗಳಲ್ಲಿ ಹರಡಿದ ಸ್ಪೈಡಾ ಎಂಬ ಕಂಪ್ಯೂಟರ್ ಹುಳು ಅದನ್ನೇ ನಂಬಿ ಬದುಕಿತು: 1433ರಲ್ಲಿ ತಟ್ಟುವುದು, ಎಸ್‌ಎ ಖಾಲಿ ಸಿಕ್ಕರೆ ಒಳಹೊಕ್ಕು ವಿಂಡೋಸ್‌ನ ಗೆಸ್ಟ್ ಖಾತೆಯನ್ನು ಎಬ್ಬಿಸಿ ಅಡ್ಮಿನಿಸ್ಟ್ರೇಟರ್ ಗುಂಪಿಗೆ ಸೇರಿಸುವುದು. ಎಸ್‌ಎ ಮತ್ತು ಗೆಸ್ಟ್ ಒಂದೇ ದಾಳಿಯಲ್ಲಿ ಜೊತೆಯಾಗಿ ಬಂದ ಉದಾಹರಣೆ ಅದು.

ಗೆಸ್ಟ್: ಇಲ್ಲಿಯ ನಿಜವಾದ ತೂತು

ಎಸ್‌ಎ ಗದ್ದಲದಲ್ಲಿ ಯಾರೂ ಕೇಳದೆ ಇದ್ದ ಪ್ರಶ್ನೆಯೊಂದಿತ್ತು: ಉಳಿದ ಲಾಗಿನ್‌ಗಳು ಏನೇನು ನೋಡಬಲ್ಲವು? ಮುಖ್ಯವಾಗಿ ಟಿವಿ ಹಿಂದಿನ ಪಿಸಿಯದ್ದು. ಅದಕ್ಕೆ ‘ಬೋರ್ಡ್’ ಎಂಬ ಲಾಗಿನ್, ಪಾಸ್‌ವರ್ಡ್ 1234, ಡೆಸ್ಕ್‌ಟಾಪಿನ ಮೇಲೇ ಒಂದು ಟೆಕ್ಸ್ಟ್ ಫೈಲಿನಲ್ಲಿ. ಪಿಸಿ ಇರುವುದು ವ್ಯಾಪಾರಸ್ಥರು ಕೂರುವ ಹಾಲಿನಲ್ಲಿ. ‘ದರ’ ಡೇಟಾಬೇಸಿನ ಒಂದು ಟೇಬಲ್ ಓದುವುದಷ್ಟೇ ಅದರ ಕೆಲಸ, ಅದಕ್ಕೇನು ಭಯ ಎಂಬುದು ಎಲ್ಲರ ಎಣಿಕೆ.

ಪರೀಕ್ಷೆ ಮಾಡುವ ವಿಧಾನ ಇದು. ಸಿಸ್‌ಅಡ್ಮಿನ್ ಆಗಿ, ಸರ್ವರಿನದೇ ಲೆಕ್ಕ ಇರುವ ಮಾಸ್ಟರ್ ಡೇಟಾಬೇಸಿನಲ್ಲಿ ನಿಂತು ‘ಎಕ್ಸಿಕ್ಯೂಟ್ ಆ್ಯಸ್ ಲಾಗಿನ್’ ಆಜ್ಞೆಯಿಂದ ಬೋರ್ಡ್‌ನ ವೇಷ ಹಾಕಬೇಕು. ಸಿಸ್.ಡೇಟಾಬೇಸಸ್ ಪಟ್ಟಿಯಲ್ಲಿ ಪ್ರತಿ ಹೆಸರಿಗೂ ‘ಹ್ಯಾಸ್_ಡಿಬಿಆ್ಯಕ್ಸೆಸ್’ ಎಂಬ ಫಂಕ್ಷನ್ ಓಡಿಸಬೇಕು. 1 ಬಂದಲ್ಲಿ ಪ್ರವೇಶವಿದೆ. ಸಿಸ್ಟಮ್ಮಿನ 4 (ಮಾಸ್ಟರ್, ಮಾಡೆಲ್, ಎಂಎಸ್‌ಡಿಬಿ, ಟೆಂಪ್‌ಡಿಬಿ), ಸಂಘದ 4, ಒಟ್ಟು 8 ಡೇಟಾಬೇಸ್. ಬೋರ್ಡ್‌ಗೆ 8ರಲ್ಲೂ 1 ಬಂತು. ‘ಟೆಂಡರ್’ ಒಳಗೆ ಹೋಗಿ ‘ಯೂಸರ್_ನೇಮ್’ ಕೇಳಿದರೆ ಉತ್ತರ: ಗೆಸ್ಟ್. ಅಲ್ಲಿಂದ ಬಿಡ್ ಟೇಬಲಿಗೆ ಒಂದು ಸೆಲೆಕ್ಟ್ (ಓದುವ ಆಜ್ಞೆ) ಹಾಕಿದರೆ ಆ ದಿನದ ಲಾಟು ಸಂಖ್ಯೆ, ವ್ಯಾಪಾರಿಯ ಕೋಡ್, ಕ್ವಿಂಟಲಿಗೆ ಬರೆದ ದರ ಎಲ್ಲವೂ ಸಾಲಾಗಿ ಬಂದವು. ಟೆಂಡರ್ ಇನ್ನೂ ತೆರೆದಿರಲಿಲ್ಲ. ಮುಚ್ಚಿದ ಚೀಟಿ ಎಂದು ಎಲ್ಲರೂ ನಂಬಿದ್ದನ್ನು ಗೋಡೆ ಟಿವಿಯ ಪಾಸ್‌ವರ್ಡಿನಿಂದ ಓದಬಹುದಿತ್ತು. (ವೇಷ ಕಳಚುವ ‘ರಿವರ್ಟ್’ ಹಾಕುವ ಮೊದಲು ಮಾಸ್ಟರ್‌ಗೆ ವಾಪಸ್ ಬರಬೇಕು. ಬೇರೆ ಡೇಟಾಬೇಸಿನಲ್ಲಿ ನಿಂತು ಹಾಕಿದರೆ ದೋಷ ಬರುತ್ತದೆ, ಹೊಸಬರು ಅಲ್ಲೇ ಗಾಬರಿಯಾಗುತ್ತಾರೆ.)

ಅತಿಥಿ ಎಂದರೆ ನಮ್ಮ ಕಡೆ ಜಗಲಿ ಮೇಲೆ ಕೂತು, ಆಸ್ರಿಗೆ ಕುಡಿದು, ಮಾತಾಡಿ ಹೋಗುವವ. ಎಸ್‌ಕ್ಯೂಎಲ್ ಸರ್ವರ್‌ನ ಗೆಸ್ಟ್ ಆ ಥರದವನಲ್ಲ, ಅವನು ಬೇರೆ ವ್ಯಕ್ತಿಯೇ ಅಲ್ಲ. ಲಾಗಿನ್ ಎಂದರೆ ಸರ್ವರಿನ ಹೆಬ್ಬಾಗಿಲು ದಾಟುವ ಚೀಟಿ, ಅದು ಮಾಸ್ಟರ್‌ನಲ್ಲಿರುತ್ತದೆ. ಯೂಸರ್ ಎಂದರೆ ಒಂದೊಂದು ಡೇಟಾಬೇಸಿನೊಳಗಿನ ಹೆಸರು. ಎರಡನ್ನೂ ಹೊಲಿಯುವ ದಾರ ಎಸ್‌ಐಡಿ ಎಂಬ ಗುರುತುಸಂಖ್ಯೆ. ಹೆಬ್ಬಾಗಿಲು ದಾಟಿ ಬಂದ ಲಾಗಿನ್ನಿಗೆ ಈ ಡೇಟಾಬೇಸಿನಲ್ಲಿ ಹೊಂದುವ ಯೂಸರ್ ಇಲ್ಲದಿದ್ದರೆ, ಗೆಸ್ಟ್‌ಗೆ ಕನೆಕ್ಟ್ ಅನುಮತಿ ಇದೆಯೇ ಎಂದು ಸರ್ವರ್ ನೋಡುತ್ತದೆ. ಇದ್ದರೆ ಬಂದವರಿಗೆಲ್ಲ ಅದೇ ಅಂಗಿ ತೊಡಿಸಿ ಒಳಗೆ ಬಿಡುತ್ತದೆ. ಮೇಲಿಂದ, ಎಲ್ಲರೂ ಸೇರಿರುವ ‘ಪಬ್ಲಿಕ್’ ರೋಲಿಗೆ ಕೊಟ್ಟದ್ದೆಲ್ಲ ಗೆಸ್ಟ್‌ಗೂ ಸಿಗುತ್ತದೆ. ಗೆಸ್ಟ್ ತೆರೆದಿರುವುದು ಅರ್ಧ ತೂತು, ಪಬ್ಲಿಕ್‌ಗೆ ಓದುವ ಅನುಮತಿ ಇನ್ನರ್ಧ. ಎರಡೂ ಸೇರಿದರೆ ಮೆತ್ತಿನ ತನಕ ದಾರಿ.

ಹೊಸ ಡೇಟಾಬೇಸಿನಲ್ಲಿ ಗೆಸ್ಟ್ ಇರುತ್ತಾನೆ, ಆದರೆ ಕನೆಕ್ಟ್ ಇರುವುದಿಲ್ಲ. ಹಾಗಿದ್ದರೆ ತೆರೆದವರು ಯಾರು, ಏಕೆ?

ಸಂಘ ಮೂರು ವರ್ಷದ ಹಿಂದೆ ಸರ್ವರ್ ಬದಲಿಸಿತ್ತು. ಹಳೆ ಯಂತ್ರದಿಂದ ಬ್ಯಾಕಪ್ ತಂದು ಹೊಸದರಲ್ಲಿ ರಿಸ್ಟೋರ್ ಮಾಡಿದರು, ‘ಬೋರ್ಡ್’ ಲಾಗಿನ್ ಹೊಸದಾಗಿ ಬರೆದರು. ಹೆಸರು ಅದೇ, ಎಸ್‌ಐಡಿ ಬೇರೆ. ಒಳಗಿನ ಯೂಸರ್ ಹಳೆ ಎಸ್‌ಐಡಿ ಹಿಡಿದು ಅನಾಥನಾಗಿ ಕೂತ. ಟಿವಿ ಸಂಪರ್ಕಿಸಲು ಹೋದರೆ 4060, ಒಳಗಿನಿಂದ ಡೇಟಾಬೇಸ್ ಬದಲಿಸಲು ಹೋದರೆ 916, ಎರಡೂ ಈ ಡೇಟಾಬೇಸಿಗೆ ಪ್ರವೇಶವಿಲ್ಲ ಎನ್ನುವ ದೋಷಗಳೇ. ಬಂದ ತಂತ್ರಜ್ಞ ‘ಗ್ರಾಂಟ್ ಕನೆಕ್ಟ್ ಟು ಗೆಸ್ಟ್’ ಹಾಕಿದ. ಆ ದೋಷ ಹೋಗಿ 229 ಬಂತು, ಅಂದರೆ ಟೇಬಲ್ ಓದಲು ಅನುಮತಿ ಇಲ್ಲ. ‘ಗ್ರಾಂಟ್ ಸೆಲೆಕ್ಟ್ ಟು ಪಬ್ಲಿಕ್’ ಹಾಕಿದ. ಟಿವಿಯಲ್ಲಿ ದರ ಬಂತು. ಮುಂದೆ ಇದೇ ಗೋಳು ಬೇಡವೆಂದು ಎಲ್ಲ ಡೇಟಾಬೇಸಿನಲ್ಲೂ ಹಾಕಿದ, ಮಾಡೆಲ್‌ನಲ್ಲೂ ಹಾಕಿದ. ಹೊಸ ಡೇಟಾಬೇಸ್ ಹುಟ್ಟುವುದು ಮಾಡೆಲ್‌ನ ಅಚ್ಚಿನಿಂದ. ಆಮೇಲೆ ಸೃಷ್ಟಿಯಾದ ‘ಕಿರಾಣಿ’ ಹುಟ್ಟುತ್ತಲೇ ಬಾಗಿಲು ತೆರೆದುಕೊಂಡು ಹುಟ್ಟಿತು.

ಬೇಕಾಗಿದ್ದದ್ದು ಒಂದೇ ಸಾಲು: ‘ದರ’ ಡೇಟಾಬೇಸಿನಲ್ಲಿ ‘ಆಲ್ಟರ್ ಯೂಸರ್ ಬೋರ್ಡ್ ವಿತ್ ಲಾಗಿನ್ = ಬೋರ್ಡ್’. ಹಳೆ ಎಸ್‌ಐಡಿ ಕಳಚಿ ಹೊಸದನ್ನು ಹೊಲಿಯುವ ಆಜ್ಞೆ. ತಂತ್ರಜ್ಞನನ್ನು ಪೂರ್ತಿ ದೂರುವಂತೆಯೂ ಇಲ್ಲ. ಟೆಂಡರ್ ದಿನ ಹತ್ತು ಜನ ಹಿಂದೆ ನಿಂತು ‘ಆಯ್ತಾ, ಆಯ್ತಾ’ ಎನ್ನುವಾಗ ದೋಷ ಮಾಯವಾದರೆ ಸಾಕು ಅನ್ನಿಸುತ್ತದೆ.

ಇದನ್ನು ಯಾರಾದರೂ ಬಳಸಿಕೊಂಡರೇ ಎಂದು ಆಡಳಿತ ಮಂಡಳಿ ಕೇಳಿತು. ಸೆಲೆಕ್ಟ್ ಮಾಡಿದ್ದಕ್ಕೆ ಎಲ್ಲೂ ಗುರುತು ಉಳಿಯುವುದಿಲ್ಲ. 2014 ಎಕ್ಸ್‌ಪ್ರೆಸ್‌ನಲ್ಲಿ ಟೇಬಲ್ ಮಟ್ಟದ ಆಡಿಟ್ ಸೌಲಭ್ಯವೂ ಇಲ್ಲ, ಎಲ್ಲ ಆವೃತ್ತಿಗೂ ಅದು ಸಿಕ್ಕಿದ್ದು 2016ರ ಮೊದಲ ಸರ್ವಿಸ್ ಪ್ಯಾಕಿನಿಂದ. ‘ಗೊತ್ತಾಗುವ ದಾರಿಯಿಲ್ಲ’ ಎಂದು ನಡಾವಳಿ ಪುಸ್ತಕದಲ್ಲಿ ಹಾಗೆಯೇ ಬರೆಸಲಾಯಿತು. ಅನಧಿಕೃತ ಪ್ರವೇಶದ ಪ್ರಕರಣವನ್ನು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು ಎಂಬ ಸರ್ಟ್-ಇನ್‌ನ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) 2022ರ ಏಪ್ರಿಲ್ 28ರ ನಿರ್ದೇಶನವಿದೆ. ಸಂಘಗಳಲ್ಲಿ ಇದರ ಸುದ್ದಿಯೇ ಕಡಿಮೆ.

ರಿಪೇರಿ, ಮತ್ತು ಅದರಲ್ಲಿ ಆದ ಎಡವಟ್ಟು

ಹೊಸ ಸರ್ವರ್ ತಂದರೆ ಎಲ್ಲ ಸರಿಯಾಗುತ್ತದೆ ಎಂಬ ಭ್ರಮೆ ಮೊದಲು ಹೋಗಬೇಕು. ಗೆಸ್ಟ್‌ನ ಕನೆಕ್ಟ್ ಅನುಮತಿ, ಪಬ್ಲಿಕ್‌ನ ಸೆಲೆಕ್ಟ್ ಎರಡೂ ಡೇಟಾಬೇಸಿನ ಹೊಟ್ಟೆಯೊಳಗೇ ಇರುತ್ತವೆ. ಬ್ಯಾಕಪ್ ಜೊತೆ ಅವೂ ಬರುತ್ತವೆ, 2022ರಲ್ಲೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ. ಬಾರದೆ ಉಳಿಯುವುದು ಲಾಗಿನ್. ಅಂದರೆ ರಿಸ್ಟೋರ್ ಮಾಡಿದ ದಿನ ಅನಾಥ ಯೂಸರ್‌ಗಳೂ ತೆರೆದ ಗೆಸ್ಟ್‌ಗಳೂ ಒಟ್ಟಿಗೇ ಸಿಗುತ್ತವೆ, ಮತ್ತು ಗೆಸ್ಟ್ ತೆರೆದಿರುವುದರಿಂದ ಅನಾಥರಾದದ್ದು ಯಾರಿಗೂ ಗೊತ್ತೇ ಆಗುವುದಿಲ್ಲ.

ಈ ಪ್ರಕರಣದಲ್ಲಿ ಆದ ತಪ್ಪು ಇಲ್ಲೇ. ಎಸ್‌ಎ ಬಿಡಿಸುವುದು ತುರ್ತು ಎಂದು ಮೊದಲು ಅದಕ್ಕೆ ಕೈ ಹಾಕಿದರು. ‘ಸಿಸ್.ಡಿಎಂ ಎಕ್ಸಿಕ್ ಸೆಷನ್ಸ್’ ನೋಟದಿಂದ ಯಾವ ಯಂತ್ರ, ಯಾವ ಪ್ರೋಗ್ರಾಂ ಎಸ್‌ಎ ಹೆಸರಿನಲ್ಲಿ ಬರುತ್ತಿದೆ ಎಂದು ಪಟ್ಟಿ ಮಾಡಿ, ಒಂದೊಂದಕ್ಕೂ ಪ್ರತ್ಯೇಕ ಲಾಗಿನ್ ಕೊಟ್ಟರು. ರಸೀದಿ, ಪಾಸ್‌ಬುಕ್, ಅಡಿಕೆ ಪಟ್ಟಿ ಎಲ್ಲ ಪರೀಕ್ಷೆ ಮಾಡಿದರು, ಪಾಸಾಯಿತು. ಆಮೇಲೆ ಗೆಸ್ಟ್ ಮುಚ್ಚಿದರು. ಮರುದಿನ ಮೊದಲ ಸದಸ್ಯರ ಪಟ್ಟಿ ತೆಗೆಯುವಾಗಲೇ 916. ಅಡಿಕೆ ಹಣದಲ್ಲಿ ಕಿರಾಣಿ ಉದ್ರಿ ಮುರಿದುಕೊಳ್ಳಲು ‘ಸದಸ್ಯ’ದ ಪ್ರೊಸೀಜರ್ ‘ಕಿರಾಣಿ’ಯ ಟೇಬಲನ್ನು ನೇರ ಓದುತ್ತಿತ್ತು. ಎಸ್‌ಎ ಇದ್ದಾಗ ಅಡ್ಡಿಯಿರಲಿಲ್ಲ. ಹೊಸ ಲಾಗಿನ್ನಿಗೆ ‘ಕಿರಾಣಿ’ಯಲ್ಲಿ ಯೂಸರ್ ಇರಲಿಲ್ಲ, ಆದರೂ ಪರೀಕ್ಷೆ ದಿನ ಗೆಸ್ಟ್ ಅಂಗಿ ತೊಟ್ಟು ಒಳಗೆ ಹೋಗಿತ್ತು. ಪರೀಕ್ಷೆಯೇ ಸುಳ್ಳು ಹೇಳಿತು.

ಸರಿಯಾದ ಕ್ರಮ, ಎರಡನೇ ಸಲ ಮಾಡಿದ್ದು: ರಿಸ್ಟೋರ್ ಆದ ಕೂಡಲೇ ಪ್ರತಿ ಡೇಟಾಬೇಸಿನಲ್ಲಿ ಯೂಸರ್‌ಗಳ ಎಸ್‌ಐಡಿಯನ್ನು ಸರ್ವರಿನ ಲಾಗಿನ್‌ಗಳ ಎಸ್‌ಐಡಿ ಜೊತೆ ತಾಳೆ ನೋಡುವುದು. ಹೊಂದದ್ದಕ್ಕೆ ‘ಆಲ್ಟರ್ ಯೂಸರ್’, ಬೇಡದ್ದಕ್ಕೆ ‘ಡ್ರಾಪ್’. ಕೂಡಲೇ ಸಂಘದ ನಾಲ್ಕೂ ಡೇಟಾಬೇಸಿನಲ್ಲಿ, ಜೊತೆಗೆ ಯಾರಾದರೂ ಕೆಡಿಸಿದ್ದರೆ ಮಾಡೆಲ್‌ನಲ್ಲೂ, ‘ರಿವೋಕ್ ಕನೆಕ್ಟ್ ಫ್ರಮ್ ಗೆಸ್ಟ್’ ಮತ್ತು ‘ರಿವೋಕ್ ಸೆಲೆಕ್ಟ್ ಫ್ರಮ್ ಪಬ್ಲಿಕ್’. ಆನಂತರವೇ ಹೊಸ ಲಾಗಿನ್‌ಗಳ ಪರೀಕ್ಷೆ. ಬಾಗಿಲು ಮುಚ್ಚಿ ಪರೀಕ್ಷಿಸಿದರೆ ಮುರಿಯುವುದೆಲ್ಲ ಪರೀಕ್ಷೆ ದಿನವೇ ಮುರಿಯುತ್ತದೆ. ‘ಕಿರಾಣಿ’ಯಲ್ಲಿ ಆ ಲಾಗಿನ್ನಿಗೆ ಒಂದು ಯೂಸರ್ ಮಾಡಿ, ಸದಸ್ಯ ಸಂಖ್ಯೆ ಮತ್ತು ಬಾಕಿ ಇಷ್ಟೇ ಕಾಣುವ ವ್ಯೂ ಒಂದಕ್ಕೆ ಮಾತ್ರ ಓದುವ ಅನುಮತಿ ಕೊಟ್ಟದ್ದರಿಂದ ಪಟ್ಟಿ ಸರಿಹೋಯಿತು.

ಮುಚ್ಚಬಾರದ ಕಡೆಗಳೂ ಇವೆ. ಮಾಸ್ಟರ್, ಟೆಂಪ್‌ಡಿಬಿಯಲ್ಲಿ ಗೆಸ್ಟ್ ಬೇಕೇ ಬೇಕು, ಮುಚ್ಚಲು ಹೋದರೆ ಸರ್ವರೇ ಬಿಡುವುದಿಲ್ಲ. ಎಂಎಸ್‌ಡಿಬಿಯಲ್ಲಿ ಬಿಡುತ್ತದೆ, ಆದರೆ ಮುಚ್ಚಬೇಡಿ. ಮುಚ್ಚಿದರೆ ಸಿಸ್‌ಅಡ್ಮಿನ್ ಅಲ್ಲದವರಿಗೆ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಡೇಟಾಬೇಸ್ ಪಟ್ಟಿ ಬಿಚ್ಚಿದರೂ 916 ಬರತೊಡಗುತ್ತದೆ. ಮೈಕ್ರೋಸಾಫ್ಟ್‌ನ ಸಲಹೆಯೂ ತೆರೆದೇ ಇಡಿ ಎಂದು. ಆಡಿಟ್ ಪಟ್ಟಿ ಹಿಡಿದು ಕಣ್ಣು ಮುಚ್ಚಿ ಎಲ್ಲ ಕಡೆ ರಿವೋಕ್ ಹಾಕುವವರು ಎಡವುವುದು ಇಲ್ಲಿ. ಗೆಸ್ಟ್ ಅನ್ನು ಡ್ರಾಪ್ ಮಾಡಲು ಹೋಗುವವರೂ ಇದ್ದಾರೆ, ಅದು ಆಗುವ ಕೆಲಸವಲ್ಲ.

ಬಿಡ್ ಟೇಬಲಿನ ಮೇಲೆ ಯಾರಿಗೂ ನೇರ ಸೆಲೆಕ್ಟ್ ಉಳಿಸಲಿಲ್ಲ. ಟೆಂಡರ್ ಮುಚ್ಚುವ ಸಮಯ ದಾಟಿದೆಯೇ ಎಂದು ಸರ್ವರಿನ ಗಡಿಯಾರ ನೋಡಿ ಆಮೇಲೆ ಸಾಲು ಕೊಡುವ ಪ್ರೊಸೀಜರ್ ಒಂದಕ್ಕೆ ಮಾತ್ರ ಎಕ್ಸಿಕ್ಯೂಟ್ ಅನುಮತಿ. ಪ್ರೊಸೀಜರ್ ಮತ್ತು ಟೇಬಲ್ ಒಡೆಯ ಒಬ್ಬನೇ ಆಗಿದ್ದರೆ ಟೇಬಲಿನ ಅನುಮತಿ ಬೇರೆ ಬೇಕಾಗುವುದಿಲ್ಲ. ಜೊತೆಗೆ ಆ ಟೇಬಲಿನ ಸೆಲೆಕ್ಟ್‌ಗೆ ಆಡಿಟ್. ಮಂಡಳಿ ಇನ್ನೊಮ್ಮೆ ಕೇಳಿದರೆ ಉತ್ತರ ಇರುತ್ತದೆ. ಈಗ ಬೋರ್ಡ್ ವೇಷದಲ್ಲಿ ನೋಡಿದರೆ 8ರಲ್ಲಿ 4ಕ್ಕೆ ಮಾತ್ರ 1: ಮಾಸ್ಟರ್, ಟೆಂಪ್‌ಡಿಬಿ, ಎಂಎಸ್‌ಡಿಬಿ, ದರ.

ಎಸ್‌ಎ ವಿಚಾರ ಬೇಗ ಮುಗಿಯುವಂಥದ್ದು. ಬೇರೊಬ್ಬ ಸಿಸ್‌ಅಡ್ಮಿನ್ ಇದ್ದಾನೆ, ಅವನಿಂದ ಲಾಗಿನ್ ಆಗುತ್ತದೆ ಎಂದು ಖಾತ್ರಿ ಮಾಡಿಕೊಂಡು ‘ಆಲ್ಟರ್ ಲಾಗಿನ್ ಎಸ್‌ಎ ಡಿಸೇಬಲ್’. ಖಾತ್ರಿ ಮಾಡಿಕೊಳ್ಳದೆ ಹಾಕಿ ಸಿಕ್ಕಿಬಿದ್ದರೆ ಸರ್ವಿಸ್ ನಿಲ್ಲಿಸಿ ಸಿಂಗಲ್ ಯೂಸರ್ ಮೋಡಿನಲ್ಲಿ ಎಬ್ಬಿಸಬೇಕು, ಆಗ ಯಂತ್ರದ ವಿಂಡೋಸ್ ಅಡ್ಮಿನಿಸ್ಟ್ರೇಟರ್‌ಗೆ ಸಿಸ್‌ಅಡ್ಮಿನ್ ಅಧಿಕಾರ ಬರುತ್ತದೆ. ಹೆಸರು ಬದಲಿಸುವುದರಿಂದ ಲಾಗ್ ಗದ್ದಲ ಕಡಿಮೆಯಾದೀತು, ಎಸ್‌ಐಡಿ ಬದಲಾಗುವುದಿಲ್ಲ. 1433 ಬಿಟ್ಟು ಬೇರೆ ಪೋರ್ಟ್ ಇಡುವುದೂ ಅಷ್ಟೇ ಲಾಭ. ಶಾಖೆಗೆ ಎರಡೂ ಕಡೆ ರೂಟರಿನಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿ, ಸಂಪರ್ಕ ಜೀವಂತವಿಡುವ ಕೀಪ್‌ಅಲೈವ್ 25 ಸೆಕೆಂಡಿಗೆ ಇಟ್ಟ ಮೇಲೆ ಕೇಬಲಿನಿಂದ ಡಾಂಗಲ್‌ಗೆ ಹಾರಿದರೂ ಸಂಪರ್ಕ ತಾನೇ ಎದ್ದು ನಿಲ್ಲುತ್ತಿದೆ.

ತೂಕದ ಪಿಸಿಯ ಮೈಎಸ್‌ಕ್ಯೂಎಲ್ 5.5ರಲ್ಲಿ ಇದರದೇ ತಮ್ಮ ಸಿಕ್ಕಿದ: ಹೆಸರೇ ಇಲ್ಲದ ಬಳಕೆದಾರ. ಅವನ ಸಾಲಿನಲ್ಲಿ ಹೆಸರು ಖಾಲಿ, ಹೋಸ್ಟ್ ‘ಲೋಕಲ್‌ಹೋಸ್ಟ್’. ಯಾವ ಹೋಸ್ಟಾದರೂ ಸರಿ ಎಂದು ಮಾಡಿದ ‘ತೂಕ’ ಬಳಕೆದಾರ ಬೇರೆ ಯಂತ್ರದಿಂದ ಬಂದರೆ ಸರಿ, ಅದೇ ಪಿಸಿಯಿಂದ ಬಂದರೆ ಪಾಸ್‌ವರ್ಡ್ ತಪ್ಪು ಎನ್ನುತ್ತಿತ್ತು. ಮೈಎಸ್‌ಕ್ಯೂಎಲ್ ಮೊದಲು ಹೋಸ್ಟ್ ನೋಡುತ್ತದೆ, ನಿಖರವಾದ ಹೋಸ್ಟ್ ಇರುವ ಸಾಲು ಮೇಲೆ, ಹಾಗಾಗಿ ಹೆಸರಿಲ್ಲದವ ಗೆಲ್ಲುತ್ತಾನೆ. ಇದಕ್ಕೆ ಪರಿಹಾರವೆಂದು ಅಲ್ಲಿ ಎಲ್ಲರೂ ಪೂರ್ಣಾಧಿಕಾರದ ರೂಟ್ ಹೆಸರಿನಲ್ಲಿ, ಪಾಸ್‌ವರ್ಡ್ ಖಾಲಿ ಬಿಟ್ಟು ನಡೆಸುತ್ತಿದ್ದರು. ‘ಮೈಎಸ್‌ಕ್ಯೂಎಲ್ ಸೆಕ್ಯೂರ್ ಇನ್‌ಸ್ಟಲೇಶನ್’ ಓಡಿಸಿದರೆ ಹೆಸರಿಲ್ಲದವನೂ ಟೆಸ್ಟ್ ಡೇಟಾಬೇಸೂ ಹೋಗುತ್ತವೆ, ರೂಟ್‌ಗೆ ಪಾಸ್‌ವರ್ಡ್ ಬೀಳುತ್ತದೆ. ಹತ್ತು ನಿಮಿಷದ ಕೆಲಸ.

ರಾತ್ರಿ ಹತ್ತೂವರೆ

ಹಳೆ ಸರ್ವರನ್ನು ನಿಲ್ಲಿಸುವ ಮುಂಚೆ ಒಂದು ವಾರ ಒಂದು ಉಪಾಯ ಮಾಡಲಾಯಿತು. ಹೊರಗಿನ ಪೋರ್ಟ್ ಹೇಗೂ ಮುಚ್ಚಿತ್ತು. ಎಸ್‌ಎಯ ಪಾಸ್‌ವರ್ಡ್ ಬದಲಿಸದೆ ಬರೀ ನಿಷ್ಕ್ರಿಯ ಮಾಡಿದರು. ನಿಷ್ಕ್ರಿಯ ಲಾಗಿನ್ನಿಗೆ ತಪ್ಪು ಪಾಸ್‌ವರ್ಡ್ ಕೊಟ್ಟರೆ 18456 ಸ್ಟೇಟ್ 7, ಸರಿಯಾದದ್ದು ಕೊಟ್ಟರೆ 18470. ಅಂದರೆ 18470 ಬಂತೆಂದರೆ ಕೇಳುತ್ತಿರುವವರಿಗೆ ಗುಟ್ಟು ಗೊತ್ತಿದೆ. ದಿನವಿಡೀ ಏನೂ ಬರಲಿಲ್ಲ. ರಾತ್ರಿ 10.30ಕ್ಕೆ ಸರಿಯಾಗಿ ಒಂದು ಸಾಲು, ಮರುದಿನವೂ ಅದೇ ಹೊತ್ತಿಗೆ, ಕಿರಾಣಿ ಗೋದಾಮಿನ ಪಿಸಿಯಿಂದ. ಸೆಷನ್ ಪಟ್ಟಿ ಮಾಡಿದ್ದು ಹಗಲು ಹೊತ್ತಿನಲ್ಲಿ, ಹಾಗಾಗಿ ಇದು ಸಿಕ್ಕಿರಲಿಲ್ಲ.

ಅದು ಟಾಸ್ಕ್ ಶೆಡ್ಯೂಲರಿನಲ್ಲಿದ್ದ ಬ್ಯಾಚ್ ಫೈಲು. ಎಕ್ಸ್‌ಪ್ರೆಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಏಜೆಂಟ್ ಇಲ್ಲದ್ದರಿಂದ ಬ್ಯಾಕಪ್‌ಗೆ ಹೀಗೆ ಮಾಡುವುದು ವಾಡಿಕೆ. ನಾಲ್ಕೂ ಡೇಟಾಬೇಸಿನ ಬ್ಯಾಕಪ್ ತೆಗೆದು ಆ ಪಿಸಿಯ ಒಂದು ಫೋಲ್ಡರಿಗೆ ಬರೆಸುತ್ತಿತ್ತು. ಫೋಲ್ಡರ್ ಹಂಚಿಕೆಯಾಗಿದ್ದದ್ದು ‘ಎವ್ರಿಒನ್’ ಎಂಬ ಹೆಸರಿಗೆ, ವಿಂಡೋಸ್‌ನ ಗೆಸ್ಟ್ ಖಾತೆ ಚಾಲೂ ಇಟ್ಟು, ಪಾಸ್‌ವರ್ಡ್ ಕೇಳದ ಹಾಗೆ. ಒಳಗೆ 43 ರಾತ್ರಿಗಳ ಬ್ಯಾಕಪ್. ಬ್ಯಾಕಪ್ ಫೈಲಿಗೆ ಲಾಗಿನ್ನೂ ಇಲ್ಲ, ಗೆಸ್ಟೂ ಇಲ್ಲ. ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಯ ಲ್ಯಾಪ್‌ಟಾಪಿನಲ್ಲಿ ರಿಸ್ಟೋರ್ ಮಾಡಿದವನೇ ಅಲ್ಲಿ ಸಿಸ್‌ಅಡ್ಮಿನ್. ಗೂಢಲಿಪಿಯ ಬ್ಯಾಕಪ್ ತೆಗೆಯಲು ಎಕ್ಸ್‌ಪ್ರೆಸ್‌ಗೆ ಬರುವುದಿಲ್ಲ. ಆದ್ದರಿಂದ ಈಗ ಸರ್ವರಿನಲ್ಲೇ ಬ್ಯಾಕಪ್ ತೆಗೆದು, 7-ಜಿಪ್‌ನಿಂದ ಎಇಎಸ್-256 ಪಾಸ್‌ವರ್ಡ್ ಹಾಕಿ, ಒಂದೇ ಒಂದು ಖಾತೆಗೆ ಬರೆಯುವ ಅನುಮತಿಯಿರುವ ಫೋಲ್ಡರಿಗೆ ಕಳಿಸಲಾಗುತ್ತಿದೆ. ಬ್ಯಾಚ್ ಫೈಲಿಗೆ ಬ್ಯಾಕಪ್ ಆಪರೇಟರ್ ರೋಲ್ ಮಾತ್ರ ಇರುವ ಲಾಗಿನ್. ಪಾಸ್‌ವರ್ಡಿನ ಚೀಟಿ ಕಾರ್ಯದರ್ಶಿಯವರ ತಿಜೋರಿಯಲ್ಲಿ, ಮೊಹರು ಹಾಕಿದ ಲಕೋಟೆಯೊಳಗೆ. ಗೋದಾಮಿನ ಪಿಸಿಯಲ್ಲಿ ಗೆಸ್ಟ್ ಖಾತೆ ಮುಚ್ಚಿ, ಆ 43 ರಾತ್ರಿಗಳ ಫೈಲುಗಳನ್ನು ಅಳಿಸಿದ್ದು ಸಂಕ್ರಾಂತಿಯ ಹಿಂದಿನ ದಿನ.